ಸಕ್ಕರೆ ಹಡಗು ಹತ್ತಿತು, ‘ಶುಗರ್’ ಆಗಿ ಬಂತು

ಜಯನಗರ, ಬನಶಂಕರಿಯ ಮನೆಗಳಲ್ಲಿ ಒಂದು ತಮಾಷೆ ನೋಡಿದ್ದೀರಾ, ಮಕ್ಕಳೇ? ಅಡುಗೆಮನೆಯ ಡಬ್ಬಿಯಲ್ಲಿರುವುದು ಸಕ್ಕರೆ. ತಾತನಿಗೆ ಇರುವುದು ‘ಶುಗರ್’! ಸಕ್ಕರೆ ಹಳೆಯ ಮಾತು, ಶುಗರ್ ಸ್ಟೈಲ್ ಎಂದುಕೊಳ್ಳುವವರೂ ಇದ್ದಾರೆ. ನಿಜವಾಗಿ ಇವೆರಡೂ ಒಂದೇ ಮನೆಯ ಮಕ್ಕಳು.

ಆ ಮನೆ ಸಂಸ್ಕೃತದ ‘ಶರ್ಕರಾ’. ಮರಳು, ಸಣ್ಣ ಕಲ್ಲು ಎಂದು ಅದರ ಅರ್ಥ. ಕಬ್ಬಿನ ಹಾಲನ್ನು ಕಾಯಿಸಿ ಹರಳುಗಟ್ಟಿಸಿದಾಗ ಅದೂ ಮರಳಿನಂತೆಯೇ ಕಂಡಿತು. ಹೀಗಾಗಿ ಆ ಸಿಹಿಗೂ ಅದೇ ಹೆಸರು. ಪ್ರಾಕೃತದಲ್ಲಿ ಅದು ‘ಸಕ್ಕರಾ’ ಆಯಿತು, ನಮ್ಮ ಬಾಯಲ್ಲಿ ‘ಸಕ್ಕರೆ’.

ಅದೇ ಪದ ವ್ಯಾಪಾರಿಗಳ ಸರಕಿನ ಜೊತೆ ಪಶ್ಚಿಮಕ್ಕೂ ಹೊರಟಿತು. ಪರ್ಷಿಯಾದಲ್ಲಿ ‘ಶಕರ್’, ಅರಬ್ಬರಲ್ಲಿ ‘ಸುಕ್ಕರ್’, ಫ್ರಾನ್ಸಿನಲ್ಲಿ ‘ಸುಕ್ರ್’ ಆಗಿ, 13ನೇ ಶತಮಾನದ ಹೊತ್ತಿಗೆ ಇಂಗ್ಲೆಂಡ್ ಸೇರಿ ‘ಶುಗರ್’ ಎನಿಸಿಕೊಂಡಿತು.

ಗ್ರೀಕರು ಮತ್ತು ರೋಮನ್ನರು ಇನ್ನೂ ಮೊದಲೇ ಈ ಪದವನ್ನು ಕೇಳಿದ್ದರು. ಲ್ಯಾಟಿನ್‌ನಲ್ಲಿ ಅದು ‘ಸ್ಯಾಕರಮ್’. ಇಂದಿಗೂ ಸಸ್ಯಶಾಸ್ತ್ರದಲ್ಲಿ ಕಬ್ಬಿನ ಹೆಸರು ‘ಸ್ಯಾಕರಮ್ ಅಫಿಸಿನೇರಮ್’. 1879ರಲ್ಲಿ ಪ್ರಯೋಗಾಲಯದಲ್ಲಿ ಸಿಕ್ಕ ‘ಸ್ಯಾಕರಿನ್’ಗೂ ಇದೇ ಮೂಲ. ಹೆಸರಿನಲ್ಲಿ ಸಕ್ಕರೆ, ಒಳಗೆ ಒಂದು ಹರಳೂ ಇಲ್ಲ!

ಕಥೆಗೆ ಇನ್ನೊಂದು ದಾರಿಯಿದೆ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ ಪೋರ್ಚುಗೀಸರಿಗೆ ನಮ್ಮ ಪಶ್ಚಿಮ ಕರಾವಳಿಯ ಬೆಲ್ಲದ ಪರಿಚಯವಾಯಿತು. ಮಲಯಾಳದಲ್ಲಿ ಬೆಲ್ಲಕ್ಕೇ ‘ಶರ್ಕರ’ ಎನ್ನುತ್ತಾರೆ. ಅದು ಪೋರ್ಚುಗೀಸರ ನಾಲಿಗೆಯಲ್ಲಿ ‘ಜಾಗರ’ ಆಯಿತು, ಇಂಗ್ಲಿಷರ ನಾಲಿಗೆಯಲ್ಲಿ ‘ಜಾಗರಿ’. ಅಂದರೆ ಶುಗರ್ ಮತ್ತು ಜಾಗರಿ ಅಕ್ಕತಂಗಿಯರು! ಒಬ್ಬಳು ಪರ್ಷಿಯಾ, ಅರಬ್ ನಾಡುಗಳನ್ನು ಹಾದು ಹೋದಳು. ಇನ್ನೊಬ್ಬಳು ಪೋರ್ಚುಗೀಸರ ಹಡಗು ಹತ್ತಿದಳು. ನಮ್ಮ ‘ಬೆಲ್ಲ’ ಎಂಬ ಪದ ಮಾತ್ರ ತೆಲುಗಿನ ‘ಬೆಲ್ಲಂ’, ತಮಿಳಿನ ‘ವೆಲ್ಲಂ’ ಜೊತೆ ಇಲ್ಲೇ ಉಳಿಯಿತು.

ಸಂಕ್ರಾಂತಿಗೆ ಗಾಂಧಿ ಬಜಾರಿನಿಂದ ಸಕ್ಕರೆ ಅಚ್ಚು ತಂದು, ಎಳ್ಳು-ಬೆಲ್ಲದ ಜೊತೆ ಒಂದೇ ತಟ್ಟೆಯಲ್ಲಿಟ್ಟು ಬೀರುತ್ತೇವಲ್ಲ? ಆ ತಟ್ಟೆಯನ್ನು ಇಂಗ್ಲಿಷಿನಲ್ಲಿ ವರ್ಣಿಸಿ ನೋಡಿ: ಬೇರೆಬೇರೆ ದಾರಿ ಹಿಡಿದ ಶುಗರ್, ಜಾಗರಿ ಮತ್ತೆ ಒಂದಾಗುತ್ತವೆ.

ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳು ಇನ್ನು ಮೇಲೆ ‘ಕ್ಯಾಂಡಿ’ ಬೇಕೆಂದು ಹಟ ಹಿಡಿದರೆ ಕಲ್ಲುಸಕ್ಕರೆಯ ಚೂರೊಂದನ್ನು ಕೊಡಿ. ತುಂಡು ಎಂಬ ಅರ್ಥದ ಸಂಸ್ಕೃತದ ‘ಖಂಡ’ವೇ ಪರ್ಷಿಯಾದಲ್ಲಿ ‘ಕಂದ್’ ಆಗಿ, ಕೊನೆಗೆ ಇಂಗ್ಲಿಷಿನ ‘ಕ್ಯಾಂಡಿ’ಯಾಯಿತು. ಅವರು ಕೇಳಿದ್ದನ್ನೇ ನೀವು ಕೊಟ್ಟಿರುತ್ತೀರಿ!