ಕೈಯಚ್ಚಿನ ಶುಭಾಶಯ

ಶುಭಾಶಯ ಪತ್ರ ಮಾಡಲು ಕೂತವರು ಮೊದಲು ಚಿತ್ರದ ಬಗ್ಗೆ ಯೋಚಿಸುತ್ತಾರೆ. ಕಾಗದದಿಂದ ಶುರು ಮಾಡುವುದೇ ಮೇಲು. ಯಾವ ಮಸಿ ಒಗ್ಗುತ್ತದೆ, ಎಷ್ಟು ಸಣ್ಣ ಗೆರೆ ನಿಲ್ಲುತ್ತದೆ ಎಂಬುದೆಲ್ಲ ಕಾಗದದ ಮೇಲೇ ನಿಂತಿದೆ.

ಪುದುಚೇರಿಯ ಅರವಿಂದಾಶ್ರಮದಲ್ಲಿ, ಜೈಪುರದ ಬಳಿಯ ಸಾಂಗಾನೇರಿನಲ್ಲಿ ತಯಾರಾಗುವ ಕೈಕಾಗದವನ್ನೇ ನೋಡಿ. ಹತ್ತಿಬಟ್ಟೆಯ ಚೂರುಗಳನ್ನು ನೀರಿನಲ್ಲಿ ಅರೆದು, ಗಂಜಿಯಂಥ ಆ ತಿರುಳನ್ನು ಜಾಲರಿಯಲ್ಲಿ ಎತ್ತಿ, ಒತ್ತಿ, ಒಣಗಿಸಿ ಮಾಡಿದ್ದು. ನೋಡಲು ಚೆಂದ, ಮೈ ಮಾತ್ರ ತರಿತರಿ. ನವಿರು ಗೆರೆ ಅಲ್ಲಲ್ಲಿ ಕಡಿದುಹೋಗುತ್ತದೆ. ದಪ್ಪ ಎಲೆ, ಹೂವು ಚೆನ್ನಾಗಿ ಮೂಡುತ್ತವೆ. ಕೆಲವು ಹಾಳೆಗಳು ಮಸಿಯನ್ನು ಹೀರಿ ಹರಡಿಬಿಡುತ್ತವೆ. ಅದಕ್ಕೇ ಒಂದು ಚೂರಿನ ಮೇಲೆ ಒತ್ತಿ ನೋಡಿಯೇ ಮುಂದುವರಿಯಬೇಕು.

ಇನ್ನು ಅಚ್ಚೊತ್ತುವ ರಬ್ಬರಿನ ಮಾತು. ಹಸಿ ರಬ್ಬರು ಸೆಕೆಗೆ ಅಂಟಂಟು, ಚಳಿಗೆ ಬಿರುಸು. ಗಂಧಕ ಬೆರೆಸಿ ಕಾಯಿಸಿದರೆ ಈ ದೋಷ ನೀಗುತ್ತದೆ ಎಂಬುದನ್ನು 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ. ರಬ್ಬರ್ ಸ್ಟಾಂಪು ಬಂದದ್ದು ಆಮೇಲೆ. ಮರದ ಅಚ್ಚಿಗಿಲ್ಲದ ಮೆತ್ತನೆಯ ಗುಣ ಅದಕ್ಕಿದೆ. ಒತ್ತಿದಾಗ ತುಸು ಬಾಗಿ ಕಾಗದದ ತಗ್ಗುಗಳಿಗೂ ಮಸಿ ಮುಟ್ಟಿಸುತ್ತದೆ.

ಅಂಗಡಿಯ ಸ್ಟಾಂಪಿಗಿಂತ ನಾವೇ ಕೊರೆದದ್ದು ನನಗೆ ಹೆಚ್ಚು ಇಷ್ಟ. ಪೆನ್ಸಿಲ್ ಅಳಿಸುವ ದೊಡ್ಡ ರಬ್ಬರೊಂದು ಸಾಕು. ಬಟರ್ ಪೇಪರಿನ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ‘ಯುಗಾದಿ’ ಎಂದು ಬರೆದು, ಬರೆದ ಬದಿಯನ್ನು ರಬ್ಬರಿಗೆ ತಾಗಿಸಿ ಉಗುರಿನಿಂದ ಉಜ್ಜಿ. ಅಕ್ಷರ ತಿರುವುಮುರುವಾಗಿ ಇಳಿಯುತ್ತದೆ, ಒತ್ತಿದಾಗ ನೇರವಾಗುತ್ತದೆ. ಕನ್ನಡದ ಅಕ್ಷರಗಳಲ್ಲಿ ಸುರುಳಿ ಹೆಚ್ಚು. ಅಕ್ಷರವನ್ನು ಉಬ್ಬಾಗಿ ಉಳಿಸಹೊರಟರೆ ಆ ಪುಟ್ಟ ಸುರುಳಿಗಳಲ್ಲಿ ಮಸಿ ತುಂಬಿಕೊಳ್ಳುತ್ತದೆ. ಅಕ್ಷರವನ್ನೇ ಕೊರೆದು ತೆಗೆಯಿರಿ: ಬಣ್ಣದ ಪಟ್ಟಿಯ ನಡುವೆ ಅದು ಬಿಳಿಯಾಗಿ ಎದ್ದು ಕಾಣುತ್ತದೆ. ಮಾವಿನೆಲೆಯನ್ನಾದರೆ ಉಬ್ಬಾಗಿಯೇ ಬಿಡಬಹುದು. ಬ್ಲೇಡನ್ನು ಹೊರಗಡೆಗೆ ಇಳಿಜಾರಾಗಿ ಹಿಡಿದರೆ ಬುಡ ಅಗಲವಾಗಿ ಉಳಿದು ಅಂಚು ಮುರಿಯುವುದಿಲ್ಲ.

ಸ್ಟಾಂಪನ್ನು ಪ್ಯಾಡಿಗೆ ಅದುಮಬೇಡಿ. ಸ್ಟಾಂಪನ್ನು ಮೇಲ್ಮುಖವಾಗಿಟ್ಟು ಪ್ಯಾಡಿನಿಂದಲೇ ಮೆಲ್ಲಗೆ ತಟ್ಟಿ. ಕಚೇರಿಯ ನೇರಳೆ ಮಸಿ ಹೀರುವ ಕಾಗದದಲ್ಲಿ ಹರಡುತ್ತದೆ. ಪಿಗ್ಮೆಂಟ್ ಮಸಿ ಮೇಲೆಯೇ ನಿಲ್ಲುತ್ತದೆ, ಒಣಗಲು ಹೊತ್ತು ಹಿಡಿಯುತ್ತದೆ. ಆ ಹಸಿಯ ಮೇಲೆ ಎಂಬಾಸಿಂಗ್ ಪುಡಿ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಹೀಟ್ ಗನ್ನಿನ ಬಿಸಿಗಾಳಿ ಹಾಯಿಸಿದರೆ ಪುಡಿ ಕರಗಿ ಗೆರೆಗಳು ಹೊಳೆಯುತ್ತಾ ಉಬ್ಬುತ್ತವೆ.

ಅಲಂಕಾರಕ್ಕೆ ಅಂಟಿಸುವ ಚಿತ್ತಾರದ ಕಾಗದ ಒಂದು ಪಟ್ಟಿಯಷ್ಟೇ ಇರಲಿ. ಅಚ್ಚಿನ ಸುತ್ತ ಖಾಲಿ ಜಾಗ ಬೇಕು. ಮಿಲ್ಲಿನ ದಪ್ಪ ಹಾಳೆಯನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿ, ಸಲೀಸಾಗಿ ಬಾಗುವ ದಿಕ್ಕಿನಲ್ಲೇ ಮಡಿಸಿ. ಇಲ್ಲವಾದರೆ ಮಡಿಕೆ ಬಿರಿಯುತ್ತದೆ.

ಎ4 ಹಾಳೆಯ ಅರ್ಧವನ್ನು ಮಡಿಸಿದ ಕಾರ್ಡು 114 × 162 ಮಿ.ಮೀ. ಲಕೋಟೆಯೊಳಗೆ ಸರಿಯಾಗಿ ಕೂರುತ್ತದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ಹಾಳೆಯಾದರೆ ಕಾರ್ಡಿನ ತೂಕ 9 ಗ್ರಾಂಗಿಂತ ತುಸು ಹೆಚ್ಚು. ಅಂಚೆಯ ಮೊದಲ ದರ 20 ಗ್ರಾಂವರೆಗೆ ಇರುವುದರಿಂದ ಒಂದೆರಡು ಪಟ್ಟಿ ಅಂಟಿಸಿದರೂ ಹೆಚ್ಚಿನ ಅಂಚೆಚೀಟಿ ಹಚ್ಚಬೇಕಾಗಿಲ್ಲ.