ಜಠರವಿಲ್ಲದ ಮೀನಿಗೆ ಎಷ್ಟು ಊಟ?

ತೊಟ್ಟಿಯ ಮುಂದೆ ಯಾರು ಬಂದು ನಿಂತರೂ ಗೋಲ್ಡ್ ಫಿಶ್ ಗಾಜಿಗೆ ಬಾಯಿ ತಾಗಿಸಿಕೊಂಡು ಬಾಲ ಆಡಿಸುತ್ತದೆ. ಪಾಪ, ಹಸಿದಿದೆ ಎಂದು ಬೆಳಿಗ್ಗೆ ಅಪ್ಪ ಒಂದು ಚಿಟಿಕೆ ಫುಡ್ ಹಾಕುತ್ತಾರೆ. ಸಂಜೆ ಮಕ್ಕಳದ್ದು ಇನ್ನೊಂದು ಚಿಟಿಕೆ, ರಾತ್ರಿ ಅಜ್ಜಿಯಿಂದ ನಾಲ್ಕು ಅಗುಳು ಅನ್ನ. ಮನೆಯಲ್ಲಿ ಸಾಕಿದ ಗೋಲ್ಡ್ ಫಿಶ್ ಹಸಿವಿನಿಂದ ಸಾಯುವುದು ತೀರ ಅಪರೂಪ. ಅದಕ್ಕೆ ಕುತ್ತು ತರುವುದು ನಮ್ಮ ಈ ಉಪಚಾರವೇ.

ಈ ಮೀನಿಗೆ ಜಠರವೇ ಇಲ್ಲ. ಕಾಟ್ಲಾ, ರೋಹುಗಳಿರುವ ಗೆಂಡೆ ಬಳಗದ್ದೇ ಆದ ಇದರಲ್ಲಿ ಅನ್ನನಾಳ ನೇರವಾಗಿ ಕರುಳಿಗೆ ಕೂಡಿಕೊಂಡಿದೆ. ಒಂದು ಹೊತ್ತಿನ ಊಟವನ್ನು ತುಂಬಿಟ್ಟುಕೊಂಡು, ಆಮ್ಲದಲ್ಲಿ ಅರೆದು, ಸ್ವಲ್ಪಸ್ವಲ್ಪವೇ ಕೆಳಗೆ ಬಿಡುವ ಚೀಲ ನಮಗಿದೆ, ಅದಕ್ಕಿಲ್ಲ. ಹೊಂಡಗಳಲ್ಲಿ ಬದುಕುತ್ತಿದ್ದ ಅದರ ಪೂರ್ವಜ ಮೀನುಗಳು ದಿನವಿಡೀ ಕೆಸರು ಕೆದಕಿ ಹುಳು, ಪಾಚಿ, ಎಳೆ ಸೊಪ್ಪು ಎಂದು ಸಿಕ್ಕಷ್ಟು ತಿನ್ನುತ್ತಿದ್ದವು. ಸುಮಾರು ಸಾವಿರ ವರ್ಷದ ಹಿಂದೆಯೇ ಚೀನಾದಲ್ಲಿ ಇದನ್ನು ಸಾಕತೊಡಗಿದವರು ಬಣ್ಣ, ಬಾಲ, ಕಣ್ಣು ಎಲ್ಲವನ್ನೂ ಆರಿಸಿ ಆರಿಸಿ ಮಾರ್ಪಡಿಸಿದರು. ಸದಾ ಮೇಯುವ ಸ್ವಭಾವ ಮಾತ್ರ ಹಾಗೇ ಉಳಿಯಿತು. ಗಾಜಿಗೆ ಬಾಯಿ ಹಚ್ಚುವುದಕ್ಕೆ ಈ ಸ್ವಭಾವ ಒಂದು ಕಾರಣ. ನಾವು ಬಂದರೆ ಊಟ ಬರುತ್ತದೆಂದು ಅದು ಕಲಿತಿರುವುದು ಇನ್ನೊಂದು.

ಅದು ತಿನ್ನುವುದನ್ನು ಹತ್ತಿರದಿಂದ ನೋಡಬೇಕು. ತಳದ ಮರಳನ್ನು ಬಾಯ್ತುಂಬ ಎತ್ತಿಕೊಳ್ಳುತ್ತದೆ, ಒಂದೆರಡು ಕ್ಷಣ ಬಾಯಾಡಿಸುತ್ತದೆ, ಮರಳನ್ನು ಹೊರಗೆ ಉಗುಳುತ್ತದೆ. ಬಾಯಿಯ ಮೇಲ್ಭಾಗದಲ್ಲಿ ರುಚಿಮೊಗ್ಗುಗಳು ಕಿಕ್ಕಿರಿದ ಒಂದು ದಪ್ಪ ಸ್ನಾಯುವಿನ ಮೆತ್ತೆಯಿದೆ. ತಿನ್ನುವಂಥ ಕಣವನ್ನು ಅದು ಅಲ್ಲೇ ಒತ್ತಿ ಹಿಡಿದರೆ, ಉಳಿದದ್ದು ನೀರಿನೊಡನೆ ಹೊರಬೀಳುತ್ತದೆ. ಮೊರದಲ್ಲಿ ಕೇರಿದಷ್ಟೇ ಅಚ್ಚುಕಟ್ಟು. ದವಡೆಯಲ್ಲಿ ಹಲ್ಲಿಲ್ಲ, ಅಗಿಯುವ ಹಲ್ಲುಗಳಿರುವುದು ಗಂಟಲಿನಲ್ಲಿ. ಅವು ಉದುರಿ ಹೊಸದಾಗಿ ಹುಟ್ಟುತ್ತಿರುತ್ತವೆ. ತೊಟ್ಟಿ ತೊಳೆಯುವಾಗ ಒಮ್ಮೊಮ್ಮೆ ಪುಟ್ಟ ಬಿಳಿ ಹಲ್ಲು ಸಿಗುವುದುಂಟು, ಗಾಬರಿ ಬೇಡ.

ಜಠರವಿಲ್ಲದ್ದರಿಂದ ಊಟವನ್ನು ಒಮ್ಮೆಲೇ ಸುರಿಯಬಾರದು. ದಿನಕ್ಕೆ ಎರಡು ಸಲ, ಒಂದೆರಡು ನಿಮಿಷದಲ್ಲಿ ಖಾಲಿಯಾಗುವಷ್ಟು ಸಾಕು. ಗೋಲ್ಡ್ ಫಿಶ್‌ಗೆಂದೇ ಮಾಡಿದ, ಮುಳುಗುವ ಕಾಳು ಒಳ್ಳೆಯದು. ಹಾಕುವ ಮುನ್ನ ತೊಟ್ಟಿಯ ನೀರಲ್ಲೇ ನೆನೆಸಿದರೆ ಇನ್ನೂ ವಾಸಿ. ಒರಾಂಡಾದಂಥ ಉಂಡೆ ಮೈಯ ತಳಿಗಳಲ್ಲಿ ಕರುಳು, ಗಾಳಿಚೀಲ ಎರಡೂ ಇಕ್ಕಟ್ಟಿನಲ್ಲಿರುತ್ತವೆ. ಹೊಟ್ಟೆ ಉಬ್ಬಿದರೆ ಈ ಮೀನುಗಳು ಓರೆಯಾಗಿ ತೇಲತೊಡಗುತ್ತವೆ. ವಾರಕ್ಕೊಂದೆರಡು ಸಲ ಬೇಯಿಸಿ ಸಿಪ್ಪೆ ಸುಲಿದ ಹಸಿ ಬಟಾಣಿಯನ್ನೋ ಬಾಡಿಸಿದ ಪಾಲಕನ್ನೋ ಚೂರು ಮಾಡಿ ಕೊಡಬಹುದು. ಅನ್ನ, ಬ್ರೆಡ್, ಬಿಸ್ಕತ್ತು ಬೇಡವೇ ಬೇಡ. ಚರಂಡಿಯಿಂದ ಹಿಡಿದು ತರುವ ಟ್ಯೂಬಿಫೆಕ್ಸ್ ಹುಳುವಿನ ಜೊತೆ ರೋಗವೂ ಬರಬಹುದು. ಡಬ್ಬಿ ದೊಡ್ಡದು ಕೊಂಡರೆ ಅಗ್ಗ, ನಿಜ. ಆದರೆ ತೆರೆದಿಟ್ಟ ಫುಡ್‌ನಲ್ಲಿ ಸಿ ಜೀವಸತ್ವ ದಿನೇ ದಿನೇ ನಶಿಸುತ್ತದೆ. ಚಿಕ್ಕ ಡಬ್ಬಿಯೇ ಲಾಭ.

ತಿಂದ ಪ್ರೋಟೀನಿನ ಕಸ ಬಹುಪಾಲು ಅಮೋನಿಯಾ ಆಗಿ ಕಿವಿರುಗಳಿಂದ ನೀರಿಗಿಳಿಯುತ್ತದೆ. ತಿನ್ನದೆ ಬಿಟ್ಟದ್ದು ಕೊಳೆತರೂ ಅಮೋನಿಯಾವೇ. ನೀರು ಕನ್ನಡಿಯಂತೆ ತಿಳಿಯಾಗಿಯೇ ಇರುತ್ತದೆ, ಮೀನಿನ ಕಿವಿರು ಸುಡುತ್ತಿರುತ್ತದೆ. ಫಿಲ್ಟರಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಈ ವಿಷವನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತವೆ. ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಕೈ ಇನ್ನೂ ಬಿಗಿಯಿರಲಿ. ಫಿಲ್ಟರಿಲ್ಲದ ದುಂಡು ಗಾಜಿನ ಬಟ್ಟಲಲ್ಲಿ ಗೋಲ್ಡ್ ಫಿಶ್ ಸಾಕುವುದನ್ನು ನಾನಂತೂ ಒಪ್ಪಲಾರೆ.

ಮೀನಿನ ಮೈಶಾಖ ನೀರಿನ ಶಾಖವನ್ನೇ ಅನುಸರಿಸುತ್ತದೆ. ನೀರು ತಣ್ಣಗಾದಂತೆ ಜೀರ್ಣಶಕ್ತಿಯೂ ಕುಗ್ಗುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಮೀನು ಮಂಕಾಗಿ ತಿನ್ನುತ್ತಿದ್ದರೆ ಊಟ ಕಡಿಮೆ ಮಾಡಿ. ಚಳಿದೇಶಗಳ ತೆರೆದ ಕೊಳಗಳಲ್ಲಿ ನೀರು 10 ಡಿಗ್ರಿಗಿಂತ ಕೆಳಗಿಳಿದರೆ ಕೋಯ್, ಗೋಲ್ಡ್ ಫಿಶ್‌ಗಳಿಗೆ ಊಟವನ್ನೇ ನಿಲ್ಲಿಸುವುದು ವಾಡಿಕೆ.

ಊರಿಗೆ ಹೋಗುವವರಿಗೂ ಚಿಂತೆ ಬೇಡ. ಶುಭ್ರವಾದ ತೊಟ್ಟಿಯಲ್ಲಿರುವ ಆರೋಗ್ಯವಂತ ದೊಡ್ಡ ಮೀನು ವಾರದ ಮಟ್ಟಿಗೆ ಉಪವಾಸವಿದ್ದರೂ ಏನೂ ಆಗದು. ಅದಕ್ಕೂ ಹೆಚ್ಚು ದಿನವಾದರೆ ಪಕ್ಕದ ಮನೆಯವರಿಗೆ ಡಬ್ಬಿ ಕೊಡಬೇಡಿ, ಒಂದೊಂದು ಹೊತ್ತಿನದನ್ನು ಬೇರೆಬೇರೆ ಪೊಟ್ಟಣ ಕಟ್ಟಿ ಕೊಟ್ಟು ಹೋಗಿ.