ಶ್ರೀ ವಿರೂಪಾಕ್ಷನ ರಥಬೀದಿಯಲ್ಲಿ

ಸೊಕ್ಕೆಯಿಂದ ಕೂಡ್ಲಿಗಿ, ಹೊಸಪೇಟೆ ಮಾರ್ಗವಾಗಿ ಹಂಪೆಗೆ ತೆರಳಿದ ನಾವು ಶ್ರೀ ವಿರೂಪಾಕ್ಷನ ದರ್ಶನ ಪಡೆದು ರಥಬೀದಿಗೆ ಬಂದೆವು. ಮಹಾಗೋಪುರದಿಂದ ಮತಂಗ ಬೆಟ್ಟದ ತಪ್ಪಲಿನ ಏಕಶಿಲಾ ನಂದಿಯವರೆಗೆ ಸುಮಾರು ಮುಕ್ಕಾಲು ಕಿಲೋಮೀಟರಿನ ನೇರ ಹಾದಿ. ಇಕ್ಕೆಲಗಳಲ್ಲಿ ಕಲ್ಲುಕಂಬಗಳ ಸಾಲುಮಂಟಪಗಳು.

ವೆನಿಸ್ಸಿನ ವರ್ತಕ ನಿಕೊಲೊ ಕೊಂಟಿ ವಿಜಯನಗರಕ್ಕೆ ಬಂದುದು ಸುಮಾರು 1420ರಲ್ಲಿ. ಇಲ್ಲಿಯ ತೇರಿನ ಉತ್ಸವಗಳ ಬಗೆಗೆ ಆತನು ಹೇಳಿದುದನ್ನು ಪೋಪರ ಕಾರ್ಯದರ್ಶಿ ಪೊಜ್ಜೊ ಲ್ಯಾಟಿನ್ನಿನಲ್ಲಿ ಬರೆದಿಟ್ಟನು. ಅದೇ ಕಾಲಕ್ಕೆ, 1419ರಲ್ಲಿ, ಫ್ಲಾರೆನ್ಸಿನ ಚೌಕವೊಂದರಲ್ಲಿ ಬ್ರುನೆಲ್ಲೆಸ್ಕಿ ಎಂಬ ಶಿಲ್ಪಿಯು ಅನಾಥ ಶಿಶುಗಳ ಆಶ್ರಯಧಾಮವನ್ನು, ಅದರ ಕಮಾನುಗಳ ಮೊಗಸಾಲೆಯನ್ನು ಕಟ್ಟತೊಡಗಿದ್ದನು. ಆ ಸಂಸ್ಥೆ ಇಂದಿಗೂ ಮಕ್ಕಳ ಆರೈಕೆ ನಡೆಸಿದೆ.

ಇಲ್ಲಿಯ ಮಂಟಪಗಳಲ್ಲಿ ದಶಕಗಳಿಂದ ಅಂಗಡಿ, ಖಾನಾವಳಿ ನಡೆಸಿಕೊಂಡು ನೆಲೆಸಿದ್ದ ಕುಟುಂಬಗಳನ್ನಾದರೋ 2011ರ ಜುಲೈಯಲ್ಲಿ ತೆರವುಗೊಳಿಸಲಾಯಿತು. ಸ್ಮಾರಕದ ರಕ್ಷಣೆ ಆಗಲೇಬೇಕಾದ ಕಾರ್ಯ. ಪ್ರಾಚೀನ ಕಂಬಗಳ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿದ್ದನ್ನು ಯಾರೂ ಮೆಚ್ಚಲಾರರು. ಆದರೆ ಮಾರುವವರೂ ಕೊಳ್ಳುವವರೂ ಇಲ್ಲದ ಬೀದಿಯನ್ನು ಬಜಾರವೆನ್ನುವುದೆಂತು? ಖಾಲಿ ಮಂಟಪಗಳ ಮುಂದೆ ನಡೆಯುವಾಗ ನಮ್ಮಲ್ಲಿ ಹಿರಿಯರು ಇದನ್ನೇ ಮತ್ತೆ ಮತ್ತೆ ಕೇಳಿದರು.

ಚೈತ್ರಮಾಸದ ತೇರಿಗೆ ಬೀದಿ ಮತ್ತೆ ಕಿಕ್ಕಿರಿಯುತ್ತದೆ. ಉಳಿದ ದಿನಗಳಲ್ಲಿ ಹೋಗುವ ಬಂಧುಗಳು ಬೆಳಕು ಹರಿಯುವ ಹೊತ್ತಿಗೆ ಮತಂಗ ಬೆಟ್ಟವನ್ನೇರಿದರೆ ಇಡೀ ರಥಬೀದಿಯನ್ನು ಒಂದೇ ನೋಟಕ್ಕೆ ಕಾಣಬಹುದು.